ಬರೆದವರು ಬಿಟ್ಟುಹೋದ ಮೇಲೆ: ಮುಕ್ತ ತಂತ್ರಾಂಶ ಲೈಬ್ರರಿಗಳ ಆರೈಕೆ



ಹೊಸದನ್ನು ಕಟ್ಟುವ ಕೆಲಸಕ್ಕೆ ಇರುವ ಮರ್ಯಾದೆ ಕಟ್ಟಿದ್ದನ್ನು ಕಾಪಾಡುವ ಕೆಲಸಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ವರ್ಷ ವರ್ಷವೂ ಹೂಳೆತ್ತಿದವರ, ತೂಬು ನೋಡಿಕೊಂಡ ನೀರುಗಂಟಿಯ ಹೆಸರು ಕಾಣಸಿಗುವುದು ಅಪರೂಪ. ಆದರೆ ಹೂಳೆತ್ತದ ಕೆರೆಯಲ್ಲಿ ನೀರು ಎಷ್ಟು ಕಾಲ ನಿಂತೀತು? ಗಣಕಯಂತ್ರದ ಲೋಕಕ್ಕೂ ಇದೇ ಮಾತು ಸಲ್ಲುತ್ತದೆ. ನಾವು ದಿನವೂ ಬಳಸುವ ಮೊಬೈಲ್, ಬ್ಯಾಂಕಿನ ವ್ಯವಹಾರ, ರೈಲಿನ ಟಿಕೆಟ್ ಎಲ್ಲದರ ತಳದಲ್ಲಿ, ಎಲ್ಲೋ ಯಾರೋ ಬರೆದಿಟ್ಟ ಸಣ್ಣ ಸಣ್ಣ ತಂತ್ರಾಂಶದ ತುಣುಕುಗಳಿವೆ. ಅವುಗಳಲ್ಲಿ ಕೆಲವನ್ನು ಬರೆದವರು ಬಿಟ್ಟುಹೋಗಿದ್ದಾರೆ. ಅಂಥವನ್ನು ಯಾರು ನೋಡಿಕೊಳ್ಳುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಲೈಬ್ರರಿ ಎಂದರೇನು?

ಲೈಬ್ರರಿ ಎಂದೊಡನೆ ನಮ್ಮ ಕಣ್ಣ ಮುಂದೆ ಪುಸ್ತಕದ ಕಪಾಟುಗಳು ಬರುತ್ತವೆ. ತಂತ್ರಾಂಶದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ಒಂದು ಕೆಲಸವನ್ನು ಮಾಡಲು ಬೇಕಾದ ಆದೇಶಗಳನ್ನು ಒಮ್ಮೆ ಸರಿಯಾಗಿ ಬರೆದು, ಬೇರೆ ಬೇರೆ ಕಾರ್ಯಕ್ರಮಗಳು ಅದನ್ನು ಕರೆದು ಬಳಸಿಕೊಳ್ಳುವಂತೆ ಇಟ್ಟರೆ ಅದೇ ಲೈಬ್ರರಿ. ಮನೆ ಕಟ್ಟುವವರು ಇಟ್ಟಿಗೆಯನ್ನು ತಾವೇ ಸುಡುವುದಿಲ್ಲ, ಬೀಗವನ್ನು ತಾವೇ ಎರಕ ಹೊಯ್ಯುವುದಿಲ್ಲ. ಸಿದ್ಧವಾಗಿರುವುದನ್ನು ತಂದು ಜೋಡಿಸುತ್ತಾರೆ. ತಂತ್ರಾಂಶ ಬರೆಯುವವರೂ ಹಾಗೆಯೇ.

ಒಂದು ಉದಾಹರಣೆಯನ್ನು ನೋಡೋಣ. ‘ಸ್ತ್ರೀ’ ಎಂಬ ಪದವನ್ನು ಬೆರಳಚ್ಚಿಸಿದಾಗ ಗಣಕದ ನೆನಪಿನಲ್ಲಿ ಆರು ಸಂಕೇತಗಳು ಸಾಲಾಗಿ ಕೂರುತ್ತವೆ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಕೊನೆಗೆ ದೀರ್ಘ ಈಕಾರದ ಚಿಹ್ನೆ. ಆದರೆ ಪರದೆಯ ಮೇಲೆ ಇವು ಸಾಲಾಗಿ ಕಾಣಬಾರದು. ಗುಣಿತದ ಚಿಹ್ನೆ ಮೊದಲಿನ ಸಕಾರಕ್ಕೆ ಅಂಟಬೇಕು, ತಕಾರ ರಕಾರಗಳು ಒತ್ತುಗಳಾಗಬೇಕು, ದೀರ್ಘದ ಗುರುತು ಬಲಕ್ಕೆ ಬರಬೇಕು. ಈ ಜೋಡಣೆಯ ಕೆಲಸವನ್ನು ಮಾಡುವ ‘ಹಾರ್ಫ್‌ಬಜ್’ ಎಂಬ ಲೈಬ್ರರಿಯೊಂದಿದೆ. ಆಂಡ್ರಾಯ್ಡ್ ಫೋನುಗಳು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವೆಲ್ಲ ಅಕ್ಷರ ಜೋಡಣೆಗೆ ಇದನ್ನೇ ನೆಚ್ಚಿಕೊಂಡಿವೆ. ಕನ್ನಡವನ್ನು ಮೊಬೈಲಿನಲ್ಲಿ ಓದುವ ಬಹುಪಾಲು ಜನರಿಗೆ ಇದರ ಹೆಸರೇ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬೀಳದಷ್ಟು ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.

ಇಂಥ ಲೈಬ್ರರಿಗಳಲ್ಲಿ ಹೆಚ್ಚಿನವು ಮುಕ್ತ ತಂತ್ರಾಂಶಗಳು. ಮುಕ್ತ ಎಂದರೆ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆ, ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಈ ಹಾದಿಯ ಮೈಲಿಗಲ್ಲುಗಳು. ‘ಓಪನ್ ಸೋರ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು 1998ರಲ್ಲಿ. ಈ ಲೈಬ್ರರಿಗಳನ್ನು ಬರೆಯುವವರಲ್ಲಿ ಕಂಪನಿಯ ಸಂಬಳದವರೂ ಇದ್ದಾರೆ, ಸಂಜೆಯ ಬಿಡುವಿನಲ್ಲಿ ಬರೆಯುವ ಸ್ವಯಂಸೇವಕರೂ ಇದ್ದಾರೆ. ಲೈಬ್ರರಿಯನ್ನು ನೋಡಿಕೊಳ್ಳುವವರನ್ನು ಇಂಗ್ಲಿಷಿನಲ್ಲಿ ಮೇಂಟೇನರ್ ಎನ್ನುತ್ತಾರೆ. ನಾವಿಲ್ಲಿ ಅವರನ್ನು ಹೊಣೆಗಾರರು ಎಂದು ಕರೆಯೋಣ.

ತುಕ್ಕು ಹಿಡಿಯದ ವಸ್ತು ಹಳತಾಗುವುದು ಹೇಗೆ?

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ತಂತ್ರಾಂಶಕ್ಕೆ ಏನಾಗುತ್ತದೆ? ಹತ್ತು ವರ್ಷದ ಹಿಂದೆ ಬರೆದ ಸಾಲು ಇಂದೂ ಹಾಗೆಯೇ ಇರುತ್ತದಲ್ಲವೇ?

ಸಾಲು ಹಾಗೆಯೇ ಇರುತ್ತದೆ, ನಿಜ. ಬದಲಾಗುವುದು ಅದರ ಸುತ್ತಲಿನ ಲೋಕ. ಒಂದು ಲೈಬ್ರರಿ ತಾನೂ ಬೇರೆ ಲೈಬ್ರರಿಗಳ ಮೇಲೆ, ಒಂದು ಭಾಷೆಯ ಮೇಲೆ, ಒಂದು ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಿಂತಿರುತ್ತದೆ. ಉದಾಹರಣೆಗೆ, ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ ಅದನ್ನು ರೂಪಿಸಿದವರ ಬೆಂಬಲ 2020ರ ಜನವರಿ 1ರಂದು ನಿಂತಿತು. ಮೂರನೆಯ ಆವೃತ್ತಿಯ ನಿಯಮಗಳು ಬೇರೆ. ನೋಡಿಕೊಳ್ಳುವವರಿದ್ದ ಲೈಬ್ರರಿಗಳು ಹೊಸ ನಿಯಮಕ್ಕೆ ಹೊಂದಿಕೊಂಡವು. ಯಾರೂ ಇಲ್ಲದವು ಹಿಂದೆಯೇ ಉಳಿದವು. ಅವುಗಳಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ. ಬದಲಾಗದೇ ಇದ್ದುದೇ ತೊಂದರೆಯಾಯಿತು.

ಎರಡನೆಯದಾಗಿ, ಮೊದಲಿನಿಂದಲೂ ಅಡಗಿದ್ದ ದೋಷಗಳು ಕಾಲಕ್ರಮದಲ್ಲಿ ಹೊರಬರುತ್ತವೆ. ಬರೆದಾಗ ಯಾರೂ ಊಹಿಸದ ರೀತಿಯಲ್ಲಿ ಬಳಸಿದಾಗ, ಅಥವಾ ಕೇಡು ಬಗೆಯುವವರು ಹುಡುಕಿದಾಗ, ಅವು ಕಾಣುತ್ತವೆ.

ಮೂರನೆಯದಾಗಿ, ಕೆಲವು ದೋಷಗಳಿಗೆ ತಾರೀಖೇ ನಿಗದಿಯಾಗಿರುತ್ತದೆ. ಅನೇಕ ಹಳೆಯ ತಂತ್ರಾಂಶಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಇಡುತ್ತವೆ. ಆ ಲೆಕ್ಕಕ್ಕೆ 32 ಬಿಟ್‌ಗಳ ಜಾಗವನ್ನು ಮಾತ್ರ ಕೊಟ್ಟಿದ್ದರೆ ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗ ತುಂಬುತ್ತದೆ. ಮರುಕ್ಷಣ ಅಂಥ ತಂತ್ರಾಂಶದ ಗಡಿಯಾರ 1901ನೆಯ ಇಸವಿಗೆ ಜಿಗಿಯಬಹುದು. ಪರಿಹಾರ ಗೊತ್ತಿದೆ: 64 ಬಿಟ್‌ಗಳ ಜಾಗ ಕೊಡಬೇಕು. ಆದರೆ ಪ್ರತಿಯೊಂದು ಲೈಬ್ರರಿಯಲ್ಲೂ ಯಾರಾದರೂ ಕುಳಿತು ಅದನ್ನು ಮಾಡಬೇಕಲ್ಲ? ಹೊಣೆಗಾರರಿಲ್ಲದ ಲೈಬ್ರರಿಯಲ್ಲಿ ಯಾರು ಮಾಡುತ್ತಾರೆ?

ಅನಾಥವಾಗುವ ಬಗೆ

ಯಾವ ಲೈಬ್ರರಿಯೂ ಒಂದೇ ದಿನದಲ್ಲಿ ಅನಾಥವಾಗುವುದಿಲ್ಲ. ಕಾಲೇಜಿನಲ್ಲಿದ್ದಾಗ ಒಬ್ಬರು ಉತ್ಸಾಹದಿಂದ ಬರೆಯುತ್ತಾರೆ. ಹತ್ತಾರು ಜನ ಬಳಸುತ್ತಾರೆ, ಅವರನ್ನು ನೋಡಿ ಸಾವಿರಾರು ಜನ. ಬರೆದವರಿಗೆ ಈ ನಡುವೆ ನೌಕರಿ ಸಿಗುತ್ತದೆ, ಸಂಸಾರ ಬೆಳೆಯುತ್ತದೆ, ಆಸಕ್ತಿ ಬೇರೆಡೆಗೆ ಹೊರಳುತ್ತದೆ, ಕೆಲವೊಮ್ಮೆ ಆರೋಗ್ಯ ಕೈಕೊಡುತ್ತದೆ. ದೂರುಗಳ ಪಟ್ಟಿ ಉದ್ದವಾಗುತ್ತದೆ. ಯಾರೋ ತಿದ್ದುಪಡಿ ಬರೆದು ಕಳಿಸುತ್ತಾರೆ. ಅದನ್ನು ನೋಡಿ ಒಪ್ಪುವವರಿಲ್ಲದೆ ಅದು ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕಳಿಸಿದವರು ಬೇಸತ್ತು ಸುಮ್ಮನಾಗುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ‘ನಾನು ಬಿಟ್ಟೆ’ ಎಂದು ಬರೆದವರು ಹೇಳಿಬಿಟ್ಟರೆ ಅಷ್ಟು ತೊಂದರೆಯಿಲ್ಲ, ಬೇರೆಯವರು ಮುಂದೆ ಬರಬಹುದು. ‘ಮುಂದಿನ ತಿಂಗಳು ನೋಡುತ್ತೇನೆ’ ಎಂಬ ಸ್ಥಿತಿಯಲ್ಲೇ ವರ್ಷಗಳು ಕಳೆದರೆ ಲೈಬ್ರರಿಗೆ ಒಡೆಯರಿದ್ದೂ ಇಲ್ಲದಂತಾಗುತ್ತದೆ. ಬಳಸುವವರಿಗೂ ಅದು ಗೊತ್ತಾಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ದಿನವೂ ಕೈಗೆ ಸಿಗುವ ವಸ್ತುವಿನ ಬೆಲೆ ಯಾರ ಗಮನಕ್ಕೂ ಬರುವುದಿಲ್ಲ.

ಎರಡು ವರ್ಷ ತೆರೆದಿದ್ದ ಬಾಗಿಲು

ನಿರ್ಲಕ್ಷ್ಯದ ಬೆಲೆ ಎಷ್ಟೆಂಬುದು ಜಗತ್ತಿಗೆ ತಿಳಿದದ್ದು 2014ರ ಏಪ್ರಿಲ್ 7ರಂದು. ಅಂತರಜಾಲದಲ್ಲಿ ಗುಟ್ಟಾಗಿ ಮಾಹಿತಿ ಕಳಿಸಲು ‘ಓಪನ್ ಎಸ್‌ಎಸ್‌ಎಲ್’ ಎಂಬ ಲೈಬ್ರರಿಯನ್ನು ಲಕ್ಷಾಂತರ ತಾಣಗಳು ಬಳಸುತ್ತಿದ್ದವು. ಅದರಲ್ಲಿದ್ದ ಒಂದು ದೋಷ ಅಂದು ಬಯಲಾಯಿತು. ಅದಕ್ಕೆ ‘ಹಾರ್ಟ್‌ಬ್ಲೀಡ್’ ಎಂಬ ಹೆಸರು ಬಂತು.

ದೋಷ ಏನೆಂಬುದನ್ನು ಸರಳವಾಗಿ ಹೇಳಬಹುದು. ಎರಡು ಗಣಕಗಳು ಸಂಪರ್ಕದಲ್ಲಿರುವಾಗ ಒಂದು ಇನ್ನೊಂದನ್ನು ಆಗಾಗ ‘ಇದ್ದೀಯಾ?’ ಎಂದು ವಿಚಾರಿಸುವ ಪದ್ಧತಿಯಿದೆ. ಕೇಳುವ ಗಣಕ ಒಂದು ಪದವನ್ನೂ ಅದರ ಉದ್ದವನ್ನೂ ಕಳಿಸುತ್ತದೆ. ‘ಮಾವು ಎನ್ನು, ಇದು ಎರಡು ಅಕ್ಷರ’ ಎಂದು ಕೇಳಿದರೆ ಉತ್ತರ ‘ಮಾವು’ ಎಂದು ಬರಬೇಕು. ಆದರೆ ‘ಮಾವು ಎನ್ನು, ಇದು ಅರುವತ್ತು ಸಾವಿರ ಅಕ್ಷರ’ ಎಂದು ಸುಳ್ಳು ಹೇಳಿ ಕೇಳಿದರೆ? ಉದ್ದ ನಿಜವೇ ಎಂದು ಲೈಬ್ರರಿ ಪರೀಕ್ಷಿಸುತ್ತಿರಲಿಲ್ಲ. ‘ಮಾವು’ ಎಂದು ಹೇಳಿ, ಉಳಿದಷ್ಟನ್ನು ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದ ಮಾಹಿತಿಯಿಂದ ತುಂಬಿ ಕಳಿಸಿಬಿಡುತ್ತಿತ್ತು. ಆ ಪಕ್ಕದ ಮಾಹಿತಿಯಲ್ಲಿ ಯಾರದೋ ಗುಪ್ತಪದ ಇರಬಹುದು, ಆ ತಾಣದ ರಹಸ್ಯ ಕೀಲಿಯೇ ಇರಬಹುದು. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೂ ಹೀಗೆ ಸೋರುತ್ತಿತ್ತು, ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು.

ದೋಷವಿದ್ದ ಆವೃತ್ತಿ ಹೊರಬಂದದ್ದು 2012ರ ಮಾರ್ಚ್‌ನಲ್ಲಿ. ಅಂದರೆ ಎರಡು ವರ್ಷ ಬಾಗಿಲು ತೆರೆದೇ ಇತ್ತು. ಸುಮಾರು ಐದು ಲಕ್ಷ ಸುರಕ್ಷಿತ ತಾಣಗಳು ಈ ಅಪಾಯದಲ್ಲಿದ್ದವೆಂದು ಆಗ ಅಂದಾಜು ಮಾಡಲಾಯಿತು. ತಿದ್ದಲು ಬೇಕಾದದ್ದು ಉದ್ದವನ್ನು ಪರೀಕ್ಷಿಸುವ ಕೆಲವೇ ಸಾಲುಗಳು.

ಇಷ್ಟು ಜನ ನೆಚ್ಚಿಕೊಂಡಿದ್ದ ಲೈಬ್ರರಿಯನ್ನು ಎಷ್ಟು ಜನ ನೋಡಿಕೊಳ್ಳುತ್ತಿದ್ದರು? ಪೂರ್ಣಕಾಲಿಕವಾಗಿ ದುಡಿಯುತ್ತಿದ್ದವರು ಒಬ್ಬರೇ. ಉಳಿದವರು ಬಿಡುವಿನ ವೇಳೆಯ ಸ್ವಯಂಸೇವಕರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅದನ್ನು ಬಳಸಿ ಕೋಟ್ಯಂತರ ಡಾಲರ್ ಗಳಿಸುತ್ತಿದ್ದ ಕಂಪನಿಗಳು ಇದನ್ನು ಗಮನಿಸಿರಲಿಲ್ಲ. ದುರಂತದ ಬಳಿಕ, ಅದೇ ತಿಂಗಳಲ್ಲಿ, ಲಿನಕ್ಸ್ ಫೌಂಡೇಶನ್ ಹಲವು ದೊಡ್ಡ ಕಂಪನಿಗಳನ್ನು ಸೇರಿಸಿ ಇಂಥ ತಳಹದಿಯ ಯೋಜನೆಗಳಿಗೆ ನೆರವು ನೀಡುವ ನಿಧಿಯನ್ನು ಘೋಷಿಸಿತು.

ಡೆಬಿಯನ್ ಕಂಡುಕೊಂಡ ವ್ಯವಸ್ಥೆ

ಹಾಗಾದರೆ ಅನಾಥ ಲೈಬ್ರರಿಗಳನ್ನು ಕಾಪಾಡಲು ಒಂದು ಕ್ರಮ ಇಲ್ಲವೇ? ಇದೆ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ‘ಡೆಬಿಯನ್’ ಯೋಜನೆಯನ್ನು ನೋಡೋಣ. ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ, ಪರೀಕ್ಷಿಸಿ ಕೊಡುವ ದೊಡ್ಡ ಸಾಮೂಹಿಕ ಕೆಲಸ ಇದು. ಅಲ್ಲಿ ಪ್ರತಿಯೊಂದು ಪೊಟ್ಟಣಕ್ಕೂ ಹೊಣೆ ಯಾರದು ಎಂದು ಬರೆದಿರಬೇಕು.

ಹೊಣೆ ಹೊತ್ತವರಿಗೆ ಕಷ್ಟವಾದಾಗ ಅವರು ಬಹಿರಂಗವಾಗಿ ಹೇಳಲು ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ‘ಸಹಾಯ ಬೇಕು’ ಎನ್ನುವುದು. ಎರಡನೆಯದು, ‘ಬೇರೆಯವರು ವಹಿಸಿಕೊಂಡರೆ ಒಳ್ಳೆಯದು, ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ’ ಎನ್ನುವುದು. ಮೂರನೆಯದು, ‘ನಾನು ಬಿಟ್ಟಿದ್ದೇನೆ, ಇದು ಅನಾಥ’ ಎನ್ನುವುದು. ಈ ಎಲ್ಲವೂ ಒಂದು ಸಾರ್ವಜನಿಕ ಪಟ್ಟಿಗೆ ಸೇರುತ್ತವೆ. ವಹಿಸಿಕೊಳ್ಳಲು ಬಯಸುವವರು ಅದೇ ಪಟ್ಟಿಯಲ್ಲಿ ತಮ್ಮ ಇಚ್ಛೆಯನ್ನು ಬರೆಯುತ್ತಾರೆ. ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕುವುದೂ ಇದರಿಂದ ತಪ್ಪುತ್ತದೆ.

ಯಾರೂ ಮುಂದೆ ಬಾರದಿದ್ದರೆ ಅನಾಥ ಪೊಟ್ಟಣದ ಹೊಣೆ ಗುಣಮಟ್ಟದ ಗುಂಪಿಗೆ ಹೋಗುತ್ತದೆ. ಹೊಸ ಸೌಲಭ್ಯ ಸೇರಿಸುವುದು ಅವರ ಉದ್ದೇಶವಲ್ಲ. ಗಂಭೀರ ದೋಷಗಳನ್ನು ತಿದ್ದಿ, ಅದು ಕೆಡದಂತೆ ನೋಡಿಕೊಳ್ಳುತ್ತಾರೆ. ಹೊಣೆಗಾರರು ಇದ್ದೂ ಉತ್ತರ ಕೊಡದಿದ್ದಾಗ ಬೇರೆಯವರು ತಿದ್ದುಪಡಿ ಸೇರಿಸುವ ಪದ್ಧತಿಯೂ ಉಂಟು. ಆದರೆ ಸಾಮಾನ್ಯವಾಗಿ ಅದನ್ನು ಕೆಲವು ದಿನಗಳ ತಡೆಯಲ್ಲಿ ಇಡುತ್ತಾರೆ. ಆ ಅವಧಿಯಲ್ಲಿ ಹೊಣೆಗಾರರು ನೋಡಿ, ಬೇಡವೆನಿಸಿದರೆ ನಿಲ್ಲಿಸಬಹುದು. ಕೆಲಸವೂ ನಿಲ್ಲಬಾರದು, ದುಡಿದವರ ಮರ್ಯಾದೆಗೂ ಕುಂದು ಬರಬಾರದು ಎಂಬುದು ಇದರ ಹಿಂದಿನ ವಿವೇಕ. ಬಳಸುವವರೇ ಇಲ್ಲದ, ದೋಷ ತುಂಬಿದ ಪೊಟ್ಟಣಗಳನ್ನು ಕೊನೆಗೆ ಭಂಡಾರದಿಂದ ತೆಗೆದುಹಾಕುತ್ತಾರೆ. ಎಲ್ಲವನ್ನೂ ಉಳಿಸಿಕೊಳ್ಳಲೇಬೇಕೆಂಬ ಹಟವೂ ಆರೈಕೆಯಲ್ಲ.

ಬೂಸ್ಟ್ ಬಳಗದ ದಾರಿ

ಇನ್ನೊಂದು ಉದಾಹರಣೆ ಸಿ ಪ್ಲಸ್ ಪ್ಲಸ್ ಭಾಷೆಯ ‘ಬೂಸ್ಟ್’ ಲೈಬ್ರರಿಗಳದು. ಬೀಮನ್ ಡಾವ್ಸ್ ಮತ್ತು ಅವರ ಸಂಗಡಿಗರು 1998ರಲ್ಲಿ ಇದಕ್ಕೆ ನಾಂದಿ ಹಾಡಿದರು. ಇಂದು ಇದರಲ್ಲಿ ನೂರಕ್ಕೂ ಹೆಚ್ಚು ಲೈಬ್ರರಿಗಳಿವೆ. ಹೊಸದೊಂದು ಸೇರಬೇಕಾದರೆ ಬಳಗದವರು ಅದನ್ನು ಓದಿ, ಪ್ರಶ್ನಿಸಿ, ವಿಮರ್ಶಿಸಬೇಕು. ಇಲ್ಲಿ ಪಳಗಿದ ಹಲವು ಲೈಬ್ರರಿಗಳು ಮುಂದೆ ಭಾಷೆಯ ಅಧಿಕೃತ ಮಾನಕಕ್ಕೇ ಸೇರಿದವು. ಡಾವ್ಸ್ ಅವರು ಬರೆದ, ಕಡತಗಳನ್ನು ನಿರ್ವಹಿಸುವ ಲೈಬ್ರರಿಯ ಮಾದರಿ 2017ರ ಮಾನಕದಲ್ಲಿ ಸ್ಥಾನ ಪಡೆಯಿತು.

ಸೇರಿಸುವಾಗ ಇಷ್ಟು ಬಿಗಿಯಾದ ಪರೀಕ್ಷೆ ಇದ್ದರೂ ಒಂದು ಸಮಸ್ಯೆ ಉಳಿದೇ ಇತ್ತು. ಪ್ರತಿ ಲೈಬ್ರರಿಗೂ ಅದರ ಲೇಖಕರೇ ಹೊಣೆ. ವರ್ಷಗಳು ಉರುಳಿದಂತೆ ಕೆಲವು ಲೇಖಕರು ದೂರವಾದರು. ಹೊಸ ಕಂಪೈಲರ್ ಬಂದಾಗಲೆಲ್ಲ ಅವರ ಲೈಬ್ರರಿಗಳಲ್ಲಿ ಸಣ್ಣ ಪುಟ್ಟ ತೊಡಕುಗಳು ತಲೆದೋರಿದವು. ತಿದ್ದುಪಡಿಗಳು ಬಂದರೂ ಒಪ್ಪುವವರಿರಲಿಲ್ಲ. ಆಗ ಬಳಗವು ಅಂಥ ಲೈಬ್ರರಿಗಳಿಗಾಗಿಯೇ ಒಂದು ಸಾಮೂಹಿಕ ಆರೈಕೆ ತಂಡವನ್ನು ಕಟ್ಟಿಕೊಂಡಿತು. ಬಿಟ್ಟುಹೋದ ಲೈಬ್ರರಿಯನ್ನು ಒಬ್ಬರೇ ಪೂರ್ತಿ ವಹಿಸಿಕೊಳ್ಳಬೇಕೆಂದರೆ ಹಿಂಜರಿಯುವವರು, ನಾಲ್ಕು ಜನರೊಂದಿಗೆ ಸೇರಿ ವಾರಕ್ಕೆ ಒಂದೆರಡು ಗಂಟೆ ಕೊಡಲು ಒಪ್ಪುತ್ತಾರೆ. ಹೊರೆ ಹಂಚಿಕೊಂಡರೆ ಹಗುರ. ನಿಜವಾದ ಆಸಕ್ತಿಯುಳ್ಳವರು ಸಿಕ್ಕರೆ ಲೈಬ್ರರಿಯನ್ನು ಅವರಿಗೆ ಒಪ್ಪಿಸಬಹುದು.

ಬೀಮನ್ ಡಾವ್ಸ್ 2020ರಲ್ಲಿ ತೀರಿಕೊಂಡರು. ಅವರು ಬರೆದ ಲೈಬ್ರರಿ ಇಂದೂ ಬೇರೆ ಕೈಗಳ ಆರೈಕೆಯಲ್ಲಿ ಹೊಸ ಆವೃತ್ತಿಗಳನ್ನು ಕಾಣುತ್ತಿದೆ. ಒಬ್ಬರ ಆಯುಷ್ಯಕ್ಕಿಂತ ಕೃತಿಯ ಆಯುಷ್ಯ ದೊಡ್ಡದಾಗುವುದು ಹೀಗೆ.

ಆರೈಕೆಯ ಹೆಜ್ಜೆಗಳು

ಬಿಟ್ಟುಹೋದ ಲೈಬ್ರರಿಯನ್ನು ಕೈಗೆತ್ತಿಕೊಂಡವರು ಏನು ಮಾಡುತ್ತಾರೆ? ಬಂದ ದಿನವೇ ಎಲ್ಲವನ್ನೂ ತಮಗೆ ಬೇಕಾದಂತೆ ತಿರುಗಿಸಿ ಬರೆಯುವುದಿಲ್ಲ. ಅನುಭವಿಗಳು ಒಂದು ಕ್ರಮವನ್ನು ಅನುಸರಿಸುತ್ತಾರೆ.

ಮೊದಲು, ಹಿಂದಿನ ಹೊಣೆಗಾರರನ್ನು ವಿಚಾರಿಸಬೇಕು. ಅವರು ಬದುಕಿದ್ದು, ಉತ್ತರಿಸುವಂತಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಮೂಲ ಬರಹ ಮುಕ್ತವಾಗಿದ್ದರೂ ಇದು ಸೌಜನ್ಯದ ಮಾತು. ಅಲ್ಲದೆ ‘ಈ ಸಾಲನ್ನು ಯಾಕೆ ಹೀಗೆ ಬರೆದಿರಿ?’ ಎಂಬ ಪ್ರಶ್ನೆಗೆ ಅವರಷ್ಟು ಚೆನ್ನಾಗಿ ಉತ್ತರ ಹೇಳುವವರು ಇನ್ನೊಬ್ಬರಿಲ್ಲ.

ಎರಡನೆಯದಾಗಿ, ಲೈಬ್ರರಿಯನ್ನು ಇಂದಿನ ಗಣಕದಲ್ಲಿ ಕಟ್ಟಿ ನೋಡಬೇಕು, ಅದರೊಂದಿಗಿರುವ ಪರೀಕ್ಷೆಗಳನ್ನು ಓಡಿಸಬೇಕು. ಪರೀಕ್ಷೆಗಳೇ ಇಲ್ಲದಿದ್ದರೆ ಅವನ್ನು ಬರೆಯುವುದೇ ಮೊದಲ ಕೆಲಸ. ಲೈಬ್ರರಿ ಈಗ ಏನು ಮಾಡುತ್ತಿದೆ ಎಂಬುದನ್ನು ಪರೀಕ್ಷೆಗಳ ರೂಪದಲ್ಲಿ ದಾಖಲಿಸಿಕೊಂಡರೆ, ಮುಂದೆ ತಿದ್ದುವಾಗ ಏನಾದರೂ ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದಾಗಿ, ಬಿದ್ದಿರುವ ದೂರುಗಳನ್ನು ವಿಂಗಡಿಸಬೇಕು. ಯಾವುದು ನಿಜವಾದ ದೋಷ, ಯಾವುದು ಕೇವಲ ಕೋರಿಕೆ, ಯಾವುದು ಆಗಲೇ ಪರಿಹಾರವಾಗಿದೆ, ಯಾವುದು ಭದ್ರತೆಗೆ ಸಂಬಂಧಿಸಿದ್ದು ಎಂದು ಬೇರ್ಪಡಿಸಬೇಕು. ಭದ್ರತೆಯದಕ್ಕೆ ಮೊದಲ ಸ್ಥಾನ.

ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದೇ ತಿದ್ದುಪಡಿ, ಸಾಧ್ಯವಾದಷ್ಟು ಚಿಕ್ಕದು. ಹೊರಗಿನವರು ಲೈಬ್ರರಿಯನ್ನು ಕರೆಯುವ ರೀತಿಯನ್ನು ಬದಲಿಸಬಾರದು. ಹೆಸರು ಚೆನ್ನಾಗಿಲ್ಲವೆಂದು ಬದಲಾಯಿಸಿದರೆ ಅದನ್ನು ನೆಚ್ಚಿದ ನೂರಾರು ತಂತ್ರಾಂಶಗಳು ನಿಂತುಹೋಗಬಹುದು. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಲೇಖಕರು ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡರು. ಪದದ ಎಡಬದಿಗೆ ಖಾಲಿ ಜಾಗ ಸೇರಿಸುವುದಷ್ಟೇ ಅದರ ಕೆಲಸ. ಅಷ್ಟಕ್ಕೇ ಜಗತ್ತಿನಾದ್ಯಂತ ಹೆಸರಾಂತ ತಂತ್ರಾಂಶಗಳ ನಿರ್ಮಾಣ ಕೆಲ ಗಂಟೆ ಸ್ಥಗಿತಗೊಂಡು, ಭಂಡಾರದವರು ಅದನ್ನು ಮರಳಿ ಇಡಬೇಕಾಯಿತು.

ಐದನೆಯದಾಗಿ, ಮಾಡಿದ್ದನ್ನೆಲ್ಲ ಬರೆದಿಡಬೇಕು. ನಾಳೆ ಈ ಹೊಣೆಗಾರರೂ ಬಿಟ್ಟುಹೋಗಬಹುದು. ಮುಂದೆ ಬರುವವರಿಗೆ ದಾರಿ ಕಾಣಬೇಕು.

ಕೊನೆಯದಾಗಿ, ಇದಕ್ಕಿಂತ ಉತ್ತಮವಾದದ್ದು ಬಂದಿದ್ದರೆ ಪ್ರಾಮಾಣಿಕವಾಗಿ ಹಾಗೆಂದು ಸಾರಬೇಕು. ಬಳಸುವವರಿಗೆ ಸಾಕಷ್ಟು ಕಾಲಾವಕಾಶ ಕೊಟ್ಟು, ಹೊಸದಕ್ಕೆ ಹೋಗುವ ದಾರಿ ತೋರಿಸಿ, ಹಳೆಯದನ್ನು ಗೌರವದಿಂದ ನಿವೃತ್ತಿಗೊಳಿಸಬೇಕು.

ಕೀಲಿಕೈ ಯಾರ ಕೈಗೆ?

ವಹಿಸಿಕೊಳ್ಳಲು ಯಾರಾದರೂ ಬಂದರೆ ಸಾಕೇ? ಇಲ್ಲ. ಬಂದವರು ಯಾರು ಎಂಬುದೂ ಮುಖ್ಯ. 2018ರಲ್ಲಿ ‘ಇವೆಂಟ್ ಸ್ಟ್ರೀಮ್’ ಎಂಬ ಲೈಬ್ರರಿಯ ಲೇಖಕರು, ತಾವು ಬಳಸದ ಆ ಹಳೆಯ ಕೃತಿಯನ್ನು ನೋಡಿಕೊಳ್ಳುತ್ತೇನೆಂದು ಬಂದ ಅಪರಿಚಿತರಿಗೆ ಒಪ್ಪಿಸಿಬಿಟ್ಟರು. ಬಂದವರು ಬಿಟ್‌ಕಾಯಿನ್ ಕದಿಯುವ ಗುಪ್ತ ಬರಹವನ್ನು ಅದರೊಂದಿಗೆ ಸೇರಿಸಿದರು.

2024ರ ಪ್ರಕರಣ ಇದಕ್ಕಿಂತ ಗಂಭೀರವಾದದ್ದು. ಮಾಹಿತಿಯನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಲೈಬ್ರರಿಯನ್ನು ಬಹುಕಾಲ ಒಬ್ಬರೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು. 2021ರ ಸುಮಾರಿಗೆ ಒಬ್ಬ ಹೊಸ ಸಹಾಯಕ ಕಾಣಿಸಿಕೊಂಡು ಉಪಯುಕ್ತ ತಿದ್ದುಪಡಿಗಳನ್ನು ಕಳಿಸತೊಡಗಿದ. 2022ರಲ್ಲಿ, ಮೊದಲು ಎಲ್ಲೂ ಕಾಣದ ಕೆಲವು ಹೆಸರುಗಳಿಂದ ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಾಯದ ಪತ್ರಗಳು ಬಂದವು. ಕ್ರಮೇಣ ಆ ಸಹಾಯಕನಿಗೆ ಹೊಸ ಆವೃತ್ತಿ ಹೊರತರುವ ಅಧಿಕಾರವೂ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಆತ ಕಳ್ಳಬಾಗಿಲೊಂದನ್ನು ಅಡಗಿಸಿದ್ದ. ಅದು ಎಲ್ಲೆಡೆ ಹರಡಿದ್ದರೆ ಅಸಂಖ್ಯಾತ ಲಿನಕ್ಸ್ ಗಣಕಗಳೊಳಗೆ ನುಗ್ಗಲು ಆತನಿಗೆ ದಾರಿಯಾಗುತ್ತಿತ್ತು.

ಪತ್ತೆಯಾದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೇರಾವುದೋ ಪರೀಕ್ಷೆ ನಡೆಸುತ್ತಿದ್ದಾಗ, ದೂರದ ಗಣಕಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅದೇಕೆ ಎಂದು ಬೆನ್ನು ಹತ್ತಿದಾಗ ಕಳ್ಳಬಾಗಿಲು ಸಿಕ್ಕಿತು. ಮಾರ್ಚ್ 29ರಂದು ಅವರು ಅದನ್ನು ಜಗತ್ತಿಗೆ ತಿಳಿಸಿದರು. ಆ ಸಹಾಯಕನ ನಿಜವಾದ ಗುರುತು ಬಯಲಾಗಿಲ್ಲ.

ಇದರಿಂದ ಕಲಿಯಬೇಕಾದ ಪಾಠ ‘ಹೊಸಬರನ್ನು ನಂಬಬೇಡಿ’ ಎಂದಲ್ಲ. ಹೊಸಬರಿಲ್ಲದೆ ಯಾವ ಯೋಜನೆಯೂ ಬದುಕುವುದಿಲ್ಲ. ಒಂಟಿಯಾಗಿ ದಣಿದವರನ್ನು ಗದರಿಸುವ ಬದಲು ಜೊತೆಗೆ ನಿಲ್ಲಬೇಕು. ಕೀಲಿಕೈ ಒಬ್ಬರ ಕೈಯಲ್ಲೇ ಇರದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪುವ ನಿಯಮವಿರಬೇಕು. ಡೆಬಿಯನ್‌ನಲ್ಲೂ ಬೂಸ್ಟ್‌ನಲ್ಲೂ ತಂಡದ ಆರೈಕೆಗೆ ಬೆಲೆ ಬಂದಿರುವುದು ಇದಕ್ಕಾಗಿಯೇ.

ಹಣದ ಮಾತೂ ಇದೆ. ಇಂಥ ತಳಹದಿಯ ತಂತ್ರಾಂಶಗಳಿಗೆ ನೆರವಾಗಲು ಜರ್ಮನಿ ಸರ್ಕಾರ 2022ರಲ್ಲಿ ಒಂದು ನಿಧಿಯನ್ನು ಆರಂಭಿಸಿತು. ನಮ್ಮ ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗಾಗಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಳ ನಿಧಿಯನ್ನು ಘೋಷಿಸಿತು. ಬಳಸಿ ಬೆಳೆದವರು ಹಿಂದಿರುಗಿಸುವ ಪದ್ಧತಿ ನಿಧಾನವಾಗಿ ಬೇರೂರುತ್ತಿದೆ.

ನಾವೇನು ಮಾಡಬಹುದು?

‘ಇದೆಲ್ಲ ದೊಡ್ಡ ತಂತ್ರಜ್ಞರ ಕೆಲಸ, ನಮಗೇಕೆ?’ ಎಂದು ನಿಮಗೆ ಅನ್ನಿಸಬಹುದು. ಮೊದಲಿಗೆ ಹೇಳಿದ ‘ಸ್ತ್ರೀ’ ಪದವನ್ನು ನೆನಪಿಸಿಕೊಳ್ಳಿ. ಅಕ್ಷರ ಜೋಡಿಸುವ ಲೈಬ್ರರಿಯಲ್ಲೋ ಕನ್ನಡದ ಅಕ್ಷರವಿನ್ಯಾಸದಲ್ಲೋ ಒಂದು ದೋಷ ನುಸುಳಿ, ಒತ್ತಕ್ಷರ ತಪ್ಪಾದ ಜಾಗದಲ್ಲಿ ಮೂಡಿತೆನ್ನಿ. ಅಮೆರಿಕದಲ್ಲೋ ಯುರೋಪಿನಲ್ಲೋ ಕುಳಿತ ಪರಿಣತರ ಕಣ್ಣಿಗೆ ಅದು ತಪ್ಪೆಂದು ಕಾಣುವುದೇ ಇಲ್ಲ. ಕನ್ನಡ ಬಲ್ಲವರು ಹೇಳಿದರೆ ಮಾತ್ರ ಅದು ದೋಷ, ಇಲ್ಲವಾದರೆ ಅದೇ ರೂಢಿ. ‘ನವಿಲು’, ‘ಗುಬ್ಬಿ’ಯಂಥ ಕನ್ನಡದ ಮುಕ್ತ ಅಕ್ಷರವಿನ್ಯಾಸಗಳಿವೆ, ಮುಕ್ತ ತಂತ್ರಾಂಶಗಳ ಕನ್ನಡ ಅನುವಾದಗಳಿವೆ. ಇವನ್ನು ನೋಡಿಕೊಳ್ಳಲು ಹೊರಗಿನಿಂದ ಯಾರೂ ಬರುವುದಿಲ್ಲ.

ಆರಂಭಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಒಂದು ಒಳ್ಳೆಯ ದೂರು ಬರೆಯುವುದನ್ನು ಕಲಿಯಿರಿ. ಯಾವ ಆವೃತ್ತಿ ಬಳಸಿದಿರಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ನಾಲ್ಕು ವಿಷಯ ಸ್ಪಷ್ಟವಾಗಿದ್ದರೆ ತಿದ್ದುವವರ ಅರ್ಧ ಕೆಲಸ ಮುಗಿದಂತೆ. ಹಳೆಯ ದೂರೊಂದನ್ನು ಆರಿಸಿ, ಅದು ಇಂದಿಗೂ ನಿಜವೇ ಎಂದು ಪರೀಕ್ಷಿಸಿ ತಿಳಿಸಿರಿ. ವಿವರಣೆಯ ಪುಟದಲ್ಲಿನ ತಪ್ಪು ತಿದ್ದಿರಿ. ಕಾಲೇಜು ವಿದ್ಯಾರ್ಥಿಗಳು ಒಂದು ಪರೀಕ್ಷೆಯನ್ನು ಬರೆದು ಸೇರಿಸಬಹುದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾರೂ ಬಳಸದ ಹೊಸ ತಂತ್ರಾಂಶವನ್ನು ಬರೆದು ಕಪಾಟಿಗೆ ಸೇರಿಸುವುದಕ್ಕಿಂತ, ಸಾವಿರಾರು ಜನ ಬಳಸುವ ಹಳೆಯದೊಂದರ ಐದು ದೋಷಗಳನ್ನು ತಿದ್ದುವುದು ಹೆಚ್ಚು ಕಲಿಸುತ್ತದೆ. ಬೇರೆಯವರು ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ವಿದ್ಯೆ ಅಲ್ಲಿ ಸಿಗುತ್ತದೆ. ನಾಳೆ ಯಾವ ನೌಕರಿಗೆ ಹೋದರೂ ಹೆಚ್ಚಿನ ಹೊತ್ತು ಬೇಕಾಗುವುದು ಆ ವಿದ್ಯೆಯೇ.

ಒಂದು ಕಿವಿಮಾತು. ಯಾವುದೇ ಲೈಬ್ರರಿಯ ಹೊಣೆಗಾರರಿಗೆ ಬರೆಯುವಾಗ, ಅವರು ನಿಮ್ಮ ನೌಕರರಲ್ಲ, ತಮ್ಮ ಬಿಡುವನ್ನು ನಿಮಗಾಗಿ ಕೊಟ್ಟವರು ಎಂಬುದು ನೆನಪಿರಲಿ. ಉತ್ತರ ತಡವಾದರೆ ಕೋಪಿಸಿಕೊಳ್ಳದೆ, ‘ಇದರಲ್ಲಿ ನಾನೇನಾದರೂ ಮಾಡಬಹುದೇ?’ ಎಂದು ಕೇಳಿರಿ. ನಿರ್ಲಕ್ಷ್ಯಕ್ಕೊಳಗಾದ ಎಷ್ಟೋ ಲೈಬ್ರರಿಗಳಿಗೆ ಮರುಜೀವ ಬರುವುದು ಇಂಥ ಒಂದು ಪ್ರಶ್ನೆಯಿಂದಲೇ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಒಂದು ಸಾಲೂ ಬದಲಾಗದ ತಂತ್ರಾಂಶ ಕೆಲಸ ಮಾಡದೇ ಹೋಗಲು ಏನೇನು ಕಾರಣಗಳಿರಬಹುದು?

2. ಹೊಣೆಗಾರರು ಉತ್ತರಿಸದಿದ್ದಾಗ ಡೆಬಿಯನ್‌ನಲ್ಲಿ ತಿದ್ದುಪಡಿಯನ್ನು ಕೆಲವು ದಿನ ತಡೆಹಿಡಿಯುವುದೇಕೆ?

3. ಲೈಬ್ರರಿಯೊಂದನ್ನು ಅಪರಿಚಿತರಿಗೆ ಒಪ್ಪಿಸುವ ಮುನ್ನ ಯಾವ ಎಚ್ಚರಿಕೆಗಳನ್ನು ವಹಿಸಬೇಕು?

4. ನೀವು ಬಳಸುವ ಫೋನಿನಲ್ಲಿ ತಪ್ಪಾಗಿ ಮೂಡುವ ಕನ್ನಡ ಅಕ್ಷರ ಅಥವಾ ತಪ್ಪು ಅನುವಾದವೊಂದನ್ನು ಹುಡುಕಿರಿ. ಮೇಲೆ ಹೇಳಿದ ನಾಲ್ಕು ಅಂಶಗಳೊಂದಿಗೆ ಅದರ ಬಗ್ಗೆ ಒಂದು ದೂರನ್ನು ಬರೆಯಿರಿ.